ಎರಡು ವರ್ಷದಲ್ಲಿ ಒಂದೂ ಬಾಣಂತಿ ಸಾವಿಲ್ಲವಂತೆ. ನಂಬಬಹುದಾ?

ಪ್ರಶ್ನೆ: ಡಾಕ್ಟ್ರೇ, ನಾನು 14 ಆರೋಗ್ಯ ಕಾರ್ಯಕರ್ತೆಯರ ಮೇಲ್ವಿಚಾರಕಿ. ನಮ್ಮ ವ್ಯಾಪ್ತಿಯಲ್ಲಿ ಸುಮಾರು 20,000 ಜನ ಇದ್ದಾರೆ. ವರ್ಷಕ್ಕೆ 400ರಷ್ಟು ಹೆರಿಗೆ, ಅದರಲ್ಲಿ ಅರ್ಧ ಮನೆಯಲ್ಲೇ. ದೊಡ್ಡ ಆಸ್ಪತ್ರೆ ದೂರ. ಎರಡು ವರ್ಷದಿಂದ ನಮ್ಮ ರಿಜಿಸ್ಟರಿನಲ್ಲಿ ಬಾಣಂತಿ ಸಾವು ಸೊನ್ನೆ. ಹುಟ್ಟಿದ ಮೇಲೆ ತೀರಿಕೊಂಡ ಹಸುಗೂಸುಗಳು 3, ಸತ್ತು ಹುಟ್ಟಿದವು 19. ಮೇಲಿನವರು ಖುಷಿಯಾಗಿದ್ದಾರೆ. ಆದರೆ ಇಬ್ಬರು ಹೆಂಗಸರು ಹೋದ ವಿಷಯ ನನ್ನ ಕಿವಿಗೆ ಬಿದ್ದಿದೆ. ಒಬ್ಬಳು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳಂತೆ. ಇನ್ನೊಬ್ಬಳು ಹೆರಿಗೆಯಾಗಿ ಮೂರು ವಾರದ ಮೇಲೆ. ಅವಳ ಹೆಸರಿನ ಮುಂದೆ ‘ಜ್ವರ’ ಅಂತ ಬರೆದಿದ್ದಾರೆ. ಕಾರ್ಯಕರ್ತೆಯರನ್ನು ಕೇಳಿದರೆ, "ಬರೆದರೆ ನಮ್ಮ ತಲೆಗೇ ಬರುತ್ತೆ ಅಕ್ಕಾ" ಅನ್ನುತ್ತಾರೆ. ಲೆಕ್ಕ ಸರಿ ಮಾಡುವುದು ಹೇಗೆ? ಮೊಬೈಲ್ ಆ್ಯಪ್ ತಂದರೆ ಸರಿಹೋಗುತ್ತಾ? ಪೋಸ್ಟ್‌ಮಾರ್ಟಂ ಇಲ್ಲದೆ ಸಾವಿನ ಕಾರಣ ತಿಳಿಯುತ್ತಾ? ನಿಜ ಬರೆದವರಿಗೆ ತೊಂದರೆ ಆಗದ ಹಾಗೆ ಹೇಗೆ ನೋಡಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎರಡು ಸಂಕಟ ಕಾಣುತ್ತವೆ. ಸತ್ತವರು ಲೆಕ್ಕಕ್ಕೇ ಬರಲಿಲ್ಲವಲ್ಲ ಅನ್ನುವುದು ಒಂದು. ಅದನ್ನು ಸರಿ ಮಾಡಲು ಹೋದರೆ ನಿಮ್ಮ ಕೈಕೆಳಗಿನ ಹೆಣ್ಣುಮಕ್ಕಳಿಗೇ ಪೆಟ್ಟು ಬೀಳುತ್ತದಲ್ಲ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ದಾರಿ ಕಾಣದೆ ಮೊದಲನೆಯದು ಸರಿಹೋಗುವುದಿಲ್ಲ. ಇಂಥ ಸಾವುಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ನಾನು ಬಹಳ ವರ್ಷ ಕೂತಿದ್ದೇನೆ. ಕೈಗೆ ಬಂದ ವರದಿಯಲ್ಲಿ ಸೊನ್ನೆ ಇದ್ದರೆ ನಾನು ಮೊದಲು ಕೇಳುವುದು, "ಹುಡುಕಿದವರು ಯಾರು?" ಅಂತ. ಎಷ್ಟೋ ಸಲ ಅದಕ್ಕೆ ಉತ್ತರವೇ ಇರುವುದಿಲ್ಲ.

ಆ ಸೊನ್ನೆಯಿಂದಲೇ ಶುರು ಮಾಡೋಣ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.6 ಲಕ್ಷ ಹೆಂಗಸರು ಬಸಿರು, ಹೆರಿಗೆಯ ಕಾರಣಕ್ಕೆ ತೀರಿಕೊಂಡರು. ಒಂದು ಲಕ್ಷ ಜೀವಂತ ಜನನಕ್ಕೆ 197 ಸಾವು. ನಿಮ್ಮಲ್ಲಿ ಎರಡು ವರ್ಷಕ್ಕೆ 800 ಹೆರಿಗೆ. ಅದೇ ದರ ಹಿಡಿದರೆ ಸುಮಾರು ಒಂದೂವರೆ ಸಾವು ಆಗುತ್ತದೆ. ಸಂಖ್ಯೆ ಇಷ್ಟು ಸಣ್ಣದಾದಾಗ ಬರೀ ಅದೃಷ್ಟದಿಂದಲೇ ಐದರಲ್ಲಿ ಒಂದು ಸಲ ಸೊನ್ನೆ ಬಂದುಬಿಡುತ್ತದೆ. ಇನ್ನೊಂದು ಕಡೆಯಿಂದಲೂ ನೋಡಬಹುದು. ಒಂದೂ ಸಾವು ಕಾಣದಿದ್ದಾಗ ಸಂಖ್ಯಾಶಾಸ್ತ್ರದವರು 3ನ್ನು ಹೆರಿಗೆಗಳ ಸಂಖ್ಯೆಯಿಂದ ಭಾಗಿಸುತ್ತಾರೆ. 3 ಭಾಗಿಸು 800, ಅಂದರೆ ಲಕ್ಷಕ್ಕೆ 375. ನಿಮ್ಮ ಸೊನ್ನೆ ಪೂರ್ತಿ ನಿಜವೇ ಆಗಿದ್ದರೂ ಅಸಲಿ ಅಪಾಯ ಲಕ್ಷಕ್ಕೆ 375ರವರೆಗೂ ಇರಬಹುದು, ಜಗತ್ತಿನ ಸರಾಸರಿಯ ಹತ್ತಿರ ಹತ್ತಿರ ಎರಡು ಪಟ್ಟು! ಹಾಗಿರುವಾಗ ಆ ಸೊನ್ನೆಯನ್ನು ಹಿಡಿದು ಬೆನ್ನು ತಟ್ಟುವುದರಲ್ಲಿ ಅರ್ಥವಿಲ್ಲ. ಮುಂದಿನ ವರ್ಷ ಎರಡು ಸಾವು ಬಂತು ಅಂತ ಬೈಯುವುದರಲ್ಲೂ ಇಲ್ಲ.

ಹಾಗಾಗಿ ನಿಮ್ಮ ಮಟ್ಟದಲ್ಲಿ ತಾಯಿ ಮರಣದ ದರ ಅಂತ ಲೆಕ್ಕ ಹಾಕಲೇಬೇಡಿ. ಅದು ದೇಶಕ್ಕೆ, ದೊಡ್ಡ ಪ್ರಾಂತ್ಯಕ್ಕೆ ಆಗುವ ಲೆಕ್ಕ. (ಅಕ್ಕತಂಗಿಯರ ಬಗ್ಗೆ ಕೇಳಿ ಅಂದಾಜು ಮಾಡುವ ಒಂದು ವಿಧಾನ 1989ರಿಂದ ಇದೆ. ಆದರೆ ಅದು ತೋರಿಸುವುದು ಹತ್ತು ಹನ್ನೆರಡು ವರ್ಷ ಹಿಂದಿನ ಚಿತ್ರ. ನಿಮಗೆ ಅದರಿಂದ ಪ್ರಯೋಜನವಿಲ್ಲ.) ನಿಮ್ಮ ಕೆಲಸ ಬೇರೆ. ಒಂದೊಂದು ಸಾವನ್ನೂ ಬಿಡದೆ ಹುಡುಕುವುದು, ಅದರಿಂದ ಏನು ಸರಿ ಮಾಡಬಹುದು ಅಂತ ನೋಡುವುದು.

ಮಕ್ಕಳ ಲೆಕ್ಕದಲ್ಲಿ ವಿಷಯ ಇನ್ನೂ ಚೆನ್ನಾಗಿ ಕಾಣುತ್ತದೆ

ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಹೊಡೆದದ್ದು ಆ ಸೊನ್ನೆಗಿಂತ ಜಾಸ್ತಿ ಈ 3 ಮತ್ತು 19.

2022ರ ಜಾಗತಿಕ ಸರಾಸರಿಯಂತೆ ಜೀವಂತ ಹುಟ್ಟಿದ 1000 ಮಕ್ಕಳಲ್ಲಿ 17 ಮಕ್ಕಳು ಮೊದಲ 28 ದಿನದೊಳಗೆ ತೀರಿಕೊಳ್ಳುತ್ತವೆ. ಸತ್ತು ಹುಟ್ಟುವುದು 1000 ಹೆರಿಗೆಗೆ 14ರಷ್ಟು. ನಿಮ್ಮ 800 ಹೆರಿಗೆಗೆ ಇದನ್ನು ಹಾಕಿದರೆ, ಹುಟ್ಟಿ ತೀರಿಕೊಂಡವು 13-14, ಸತ್ತು ಹುಟ್ಟಿದವು 11 ಬರಬೇಕಿತ್ತು. ಒಟ್ಟು 25ರ ಆಸುಪಾಸು. ನಿಮ್ಮ ಒಟ್ಟು ಲೆಕ್ಕ 22. ಅಷ್ಟೇನೂ ದೂರವಿಲ್ಲ, ಅಲ್ವಾ? ಒಟ್ಟು ಮೊತ್ತ ಹತ್ತಿರವಿದ್ದು ಹಂಚಿಕೆ ಮಾತ್ರ ತಲೆಕೆಳಗಾಗಿದೆ. ಇಂಥ ಲೆಕ್ಕ ನೋಡಿದಾಗ ನನಗೆ ಬರುವ ಮೊದಲ ಅನುಮಾನ ಏನೆಂದರೆ, ಹುಟ್ಟಿದಾಗ ಜೀವ ಇದ್ದ ಕೆಲವು ಮಕ್ಕಳನ್ನು ‘ಸತ್ತು ಹುಟ್ಟಿತು’ ಅಂತ ಬರೆದಿದ್ದಾರೆ. ಆಸ್ಪತ್ರೆ ದೂರ ಇರುವ ಕಡೆ ಒಟ್ಟು ಸಾವು ಸರಾಸರಿಗಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಕೆಲವು ಸಾವುಗಳು ಎರಡೂ ಪಟ್ಟಿಯಿಂದ ಜಾರಿಹೋಗಿರಬಹುದು.

ಹೀಗೆ ಬರೆಯುವುದೆಲ್ಲ ಕಳ್ಳಾಟ ಅಂದುಕೊಳ್ಳಬೇಡಿ. ಮಗು ಅಳದೆ, ನೀಲಿಗಟ್ಟಿ, ಸುಮ್ಮನೆ ಬಿದ್ದಿರುತ್ತದೆ. ಸೂಲಗಿತ್ತಿಗೆ ಉಸಿರು ಕೊಡುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ಹೊಕ್ಕುಳಬಳ್ಳಿಯಲ್ಲಿ ನಾಡಿ ಮಿಡಿಯುತ್ತಿದ್ದರೂ ಅವಳ ಕಣ್ಣಿಗೆ ಅದು ಸತ್ತ ಮಗು. ಮಗು ತೀರಾ ಸಣ್ಣದಿದ್ದರೆ ‘ಇದು ಉಳಿಯುವುದಲ್ಲ’ ಅಂತ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಕೆಲವು ಮನೆಯವರಿಗೆ ‘ಹುಟ್ಟಿ ಸತ್ತಿತು’ ಅನ್ನುವುದಕ್ಕಿಂತ ‘ಹುಟ್ಟಲೇ ಇಲ್ಲ’ ಅಂದುಕೊಳ್ಳುವುದು ಮನಸ್ಸಿಗೆ ಕಡಿಮೆ ಭಾರ. ಇನ್ನು ಬರೆಯುವವರ ಕಷ್ಟ. ಜೀವಂತ ಹುಟ್ಟಿತು ಅಂತ ಬರೆದರೆ ಜನನಕ್ಕೊಂದು ಫಾರ್ಮ್, ಮರಣಕ್ಕೊಂದು ಫಾರ್ಮ್, ಆಮೇಲೆ "ಯಾಕೆ ಉಳಿಸಲಿಲ್ಲ?" ಅನ್ನುವ ಪ್ರಶ್ನೆ. ಸತ್ತು ಹುಟ್ಟಿತು ಅಂತ ಬರೆದರೆ ಒಂದೇ ಗೆರೆಯಲ್ಲಿ ಮುಗಿಯುತ್ತದೆ.

ನಿಯಮ ಏನು ಹೇಳುತ್ತದೆ? ಹೊರಬಂದ ಮೇಲೆ ಮಗು ಒಂದೇ ಒಂದು ಸಲ ಉಸಿರಾಡಿದರೂ, ಎದೆ ಬಡಿದರೂ, ಬಳ್ಳಿ ಮಿಡಿದರೂ, ಕೈಕಾಲು ಆಡಿಸಿದರೂ ಅದು ಜೀವಂತ ಜನನ. ಎಷ್ಟು ತಿಂಗಳಿಗೆ ಹುಟ್ಟಿತು ಅನ್ನುವುದು ಇಲ್ಲಿ ಮುಖ್ಯವಲ್ಲ. ದೇಶ ದೇಶಗಳ ನಡುವೆ ಹೋಲಿಸುವಾಗ 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟಿದ್ದನ್ನು ಮಾತ್ರ ಸತ್ತು ಹುಟ್ಟಿದ ಮಗು ಅಂತ ಎಣಿಸುತ್ತಾರೆ. ಹಾಗಾಗಿ ನಿಮ್ಮ ಕಾರ್ಯಕರ್ತೆಯರಿಗೆ "ಸತ್ತು ಹುಟ್ಟಿತಾ?" ಅಂತ ಕೇಳಬೇಡಿ ಅಂತ ಹೇಳಿ. ಆ ಪ್ರಶ್ನೆಗೆ "ಹೌದು" ಅನ್ನುವುದೇ ಸುಲಭ. ಬದಲಿಗೆ ಹೀಗೆ ಕೇಳಲಿ: ಅತ್ತಿತಾ, ನರಳಿದ ಹಾಗೆ ಸಣ್ಣಗಾದರೂ ಸದ್ದು ಮಾಡಿತಾ? ಅಲುಗಾಡಿತಾ? ಉಸಿರು ಎಳೆದುಕೊಂಡಿತಾ? ಚರ್ಮ ಗಟ್ಟಿಯಾಗಿತ್ತಾ, ಸುಲಿದುಬರುತ್ತಿತ್ತಾ? ನೋವು ಶುರುವಾದಾಗ ಹೊಟ್ಟೆಯಲ್ಲಿ ಮಗು ಆಡುತ್ತಿತ್ತಾ?

ಚರ್ಮದ ಪ್ರಶ್ನೆ ತುಂಬ ಕೆಲಸಕ್ಕೆ ಬರುತ್ತದೆ. ಚರ್ಮ ಸುಲಿದಿದ್ದರೆ ಮಗು ನೋವು ಶುರುವಾಗುವ ಮೊದಲೇ ಹೋಗಿರುವ ಸಾಧ್ಯತೆ ಹೆಚ್ಚು. ಆಗ ನೋಡಬೇಕಾದ್ದು ಬಸಿರಿನ ತಪಾಸಣೆಯನ್ನು, ತಾಯಿಯ ಬಿಪಿ, ಸಿಫಿಲಿಸ್, ಮಲೇರಿಯಾ ಇಂಥವನ್ನು. ಚರ್ಮ ಹಾಗೇ ಇದ್ದರೆ, ನೋವು ಬಂದಾಗ ಹೊಟ್ಟೆಯಲ್ಲಿ ಆಡುತ್ತಿತ್ತು ಅಂತ ತಾಯಿಯೂ ಹೇಳಿದರೆ, ಸಾವು ಆದದ್ದು ಹೆರಿಗೆ ವೇಳೆಯಲ್ಲಿ ಇರಬೇಕು. ಅಂಥವು ಜಾಸ್ತಿ ಇದ್ದರೆ ಹೆರಿಗೆ ಮಾಡಿಸುವ ಜಾಗದಲ್ಲಿ ಏನೋ ತಡವಾಗುತ್ತಿದೆ ಅಂತ ಅರ್ಥ. ಬರೀ ‘ಸತ್ತು ಹುಟ್ಟಿತು’ ಅಂತ ಬರೆದರೆ ಈ ಎರಡು ಬೇರೆ ಬೇರೆ ಸಮಸ್ಯೆಗಳು ಒಂದೇ ಡಬ್ಬಿಗೆ ಬೀಳುತ್ತವೆ.

ಇನ್ನೊಂದು ಮಾತು. ನವಜಾತ ಶಿಶುಗಳ ಸಾವಿನಲ್ಲಿ ಸುಮಾರು ಮುಕ್ಕಾಲು ಭಾಗ ಮೊದಲ ವಾರದಲ್ಲೇ ಆಗುತ್ತವೆ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮೊದಲ ದಿನವೇ. ನಿಮ್ಮ ಕಾರ್ಯಕರ್ತೆ ಹೆರಿಗೆಯಾದ ಎಂಟನೇ ದಿನ ಮನೆಗೆ ಹೋಗುತ್ತಿದ್ದರೆ, ಅವಳು ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿರುತ್ತದೆ. ಆ 3 ಮಕ್ಕಳು ಎಷ್ಟನೇ ದಿನ ತೀರಿಕೊಂಡವು ಅಂತ ನೋಡಿ. ಮೂರೂ ಎರಡನೇ, ಮೂರನೇ ವಾರದವಾಗಿದ್ದರೆ ಮೊದಲ ವಾರದವು ತಪ್ಪಿಹೋಗುತ್ತಿವೆ.

ಸಾವು ಹುಡುಕುವುದು ಎಲ್ಲಿಂದ?

ನಿಮ್ಮ ಕಿವಿಗೆ ಬಿದ್ದ ಇಬ್ಬರೂ ಲೆಕ್ಕಕ್ಕೆ ಬರಲೇಬೇಕು. ಬಸಿರಿದ್ದಾಗ, ಅಥವಾ ಬಸಿರು ಹೇಗೇ ಮುಗಿದಿರಲಿ, ಹೆರಿಗೆ, ಗರ್ಭಪಾತ ಯಾವುದೇ ಆಗಿರಲಿ, ಅದಾದ 42 ದಿನದೊಳಗೆ ತೀರಿಕೊಂಡ ಪ್ರತಿ ಹೆಂಗಸಿನ ಸಾವನ್ನೂ ನೋಡಬೇಕು. ಎಲ್ಲಿ ತೀರಿಕೊಂಡಳು ಅನ್ನುವುದು ಲೆಕ್ಕಕ್ಕಿಲ್ಲ. ದಾರಿಯಲ್ಲಿ ಹೋದವಳು ಮನೆಯ ಪಟ್ಟಿಯಲ್ಲೂ ಇಲ್ಲ, ಆಸ್ಪತ್ರೆಯ ಪಟ್ಟಿಯಲ್ಲೂ ಇಲ್ಲ. ತಪ್ಪಿಹೋಗುವ ಸಾವುಗಳಲ್ಲಿ ಇದು ತುಂಬ ಮಾಮೂಲು. ಜ್ವರದಿಂದ ಹೋದವಳಿಗೆ ಆಗಿದ್ದು 21 ದಿನ. ಅದು ಬಾಣಂತಿ ನಂಜು ಇರಬಹುದು. ಮಲೇರಿಯಾ ಇದ್ದರೂ, ಬಸಿರು ಅದನ್ನು ಜೋರು ಮಾಡಿತ್ತು ಅಂತಾದರೆ ಅದೂ ತಾಯಿ ಮರಣವೇ. ಅಪಘಾತದಂಥ ಸಂಬಂಧವಿಲ್ಲದ ಕಾರಣಗಳನ್ನು ಆಮೇಲೆ ಸಮಿತಿ ಬಿಡುತ್ತದೆ. ಅದನ್ನು ಕಾರ್ಯಕರ್ತೆ ತೀರ್ಮಾನಿಸುವುದು ಬೇಡ. ಆತ್ಮಹತ್ಯೆಯನ್ನಂತೂ ಅವಳು ಬಿಡಲೇಬಾರದು. ಬಸುರಿ, ಬಾಣಂತಿಯರ ಆತ್ಮಹತ್ಯೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2012ರ ತನ್ನ ವರ್ಗೀಕರಣದಲ್ಲಿ ನೇರ ತಾಯಿ ಮರಣಗಳ ಜೊತೆಗೇ ಇಟ್ಟಿದೆ.

ಇದಕ್ಕೆ ನಾನು ಎಲ್ಲ ಕಡೆ ಹೇಳುವ ಉಪಾಯ ಒಂದೇ. ಬಾಣಂತಿ ಸಾವು ಹುಡುಕಲು ಹೋಗಬೇಡಿ. 15ರಿಂದ 49 ವರ್ಷದ ಎಲ್ಲ ಹೆಂಗಸರ ಸಾವನ್ನೂ ಹುಡುಕಿ. ಆಮೇಲೆ ಒಂದೊಂದರ ಬಗ್ಗೆಯೂ ಬಸಿರಿದ್ದಳಾ, ಇತ್ತೀಚೆಗೆ ಹೆರಿಗೆ ಅಥವಾ ಗರ್ಭಪಾತ ಆಗಿತ್ತಾ ಅಂತ ಕೇಳಿ. ಸಣ್ಣ ವಯಸ್ಸಿಗೆ ಬಸಿರಾಗಿ ಗರ್ಭಪಾತಕ್ಕೆ ಹೋದವಳು, ಬಸಿರು ಕೊಳವೆಯಲ್ಲೇ ನಿಂತು ಒಡೆದು ರಕ್ತ ಸೋರಿ ಹೋದವಳು, ಇವರು ‘ಗರ್ಭಿಣಿಯರ ಪಟ್ಟಿ’ಯಲ್ಲಿ ಇರುವುದೇ ಇಲ್ಲ. ಅಲ್ಲಿ ಹುಡುಕಿದರೆ ಸಿಗುವುದೂ ಇಲ್ಲ.

ಮಕ್ಕಳ ವಿಷಯದಲ್ಲಿ ಇದೇ ಉಪಾಯದ ಇನ್ನೊಂದು ರೂಪ. ಪಟ್ಟಿಗೆ ಸೇರಿದ ಪ್ರತಿ ಬಸುರಿಗೂ ಕೊನೆಯಲ್ಲಿ ಏನಾಯಿತು ಅನ್ನುವ ಒಂದು ಕಾಲಂ ತುಂಬಲೇಬೇಕು. ಖಾಲಿ ಉಳಿದ ಮನೆಗಳಿಗೆ ಹೋಗಿ. ಎಷ್ಟೋ ಸಲ ಸಾವು ಇರುವುದು ಆ ಖಾಲಿ ಜಾಗಗಳಲ್ಲೇ.

ಒಬ್ಬರ ಕಿವಿ ಸಾಲದು. ಕನಿಷ್ಠ ಎರಡು ಪಟ್ಟಿ ಬೇಕು, ಒಂದಕ್ಕೊಂದು ಸಂಬಂಧ ಇಲ್ಲದವು. ಒಂದು ನಿಮ್ಮ ಕಾರ್ಯಕರ್ತೆಯರದು. ಇನ್ನೊಂದು ಸ್ಮಶಾನದಲ್ಲಿ ಗುಂಡಿ ತೋಡುವವರು, ಸೂಲಗಿತ್ತಿಯರು, ಗಾಡಿ ಓಡಿಸುವವರು, ಮಹಿಳಾ ಸಂಘದವರು ಹೇಳಿದ್ದು. ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಪುಸ್ತಕ ಒಂದನ್ನೇ ನೋಡಿ ಬರಬೇಡಿ. ಬಾಣಂತಿಯರು ಐಸಿಯುನಲ್ಲಿ, ಜನರಲ್ ವಾರ್ಡಿನಲ್ಲಿ, ತುರ್ತು ವಿಭಾಗದಲ್ಲಿ ತೀರಿಕೊಳ್ಳುತ್ತಾರೆ.

ಎರಡು ಪಟ್ಟಿ ಇದ್ದರೆ, ತಪ್ಪಿಹೋದವೆಷ್ಟು ಅಂತಲೂ ಅಂದಾಜು ಮಾಡಬಹುದು. ಉದಾಹರಣೆಗೆ ಒಂದು ಪಟ್ಟಿಯಲ್ಲಿ 30 ಶಿಶು ಸಾವು, ಇನ್ನೊಂದರಲ್ಲಿ 20, ಎರಡರಲ್ಲೂ ಇರುವವು 12 ಅಂತ ಇಟ್ಟುಕೊಳ್ಳಿ. ಹೆಸರು ಕೂಡಿಸಿದರೆ 38 ಸಿಗುತ್ತವೆ. ಆದರೆ ಎರಡನೇ ಪಟ್ಟಿಯ 20ರಲ್ಲಿ ಮೊದಲನೆಯವರು ಹಿಡಿದದ್ದು 12 ಮಾತ್ರ, ಅಂದರೆ ನೂರಕ್ಕೆ 60. ಹಾಗಾದರೆ ಅವರ 30 ಕೂಡ ಒಟ್ಟಿನ ನೂರಕ್ಕೆ 60 ಇರಬೇಕು. ಒಟ್ಟು 50. ಇನ್ನೂ 12 ಸಾವು ಯಾವ ಪಟ್ಟಿಗೂ ಬಂದಿಲ್ಲ. ಇದಕ್ಕೆ ಒಂದು ಮಿತಿಯಿದೆ. ಗರ್ಭಪಾತದ ಸಾವಿನಂಥವನ್ನು ಜನ ಎಲ್ಲರಿಂದಲೂ ಮುಚ್ಚಿಡುತ್ತಾರೆ. ಅಂಥ ಕಡೆ ಈ ಅಂದಾಜೂ ಕಡಿಮೆಯೇ ಬರುತ್ತದೆ.

ಮನೆಮನೆಗೆ ಹೋಗಿ ಲೆಕ್ಕ ಇಡುವುದು ಆಗುವ ಕೆಲಸವೇ ಅಂತ ನೀವು ಕೇಳಬಹುದು. ಬಾಂಗ್ಲಾದೇಶದ ಮತ್ಲಬ್‌ನಲ್ಲಿ 1966ರಿಂದ ಮಾಡುತ್ತಲೇ ಇದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯ ಹಳ್ಳಿಗಳಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ತಂಡ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಯಲ್ಲೇ ಶಿಶು ಆರೈಕೆ ಮಾಡಿಸಿತು. ನವಜಾತ ಶಿಶು ಮರಣ ನೂರಕ್ಕೆ 62ರಷ್ಟು ಇಳಿದದ್ದು 1999ರಲ್ಲಿ ಪ್ರಕಟವಾಯಿತು. ಆರೈಕೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಲ್ಲಿ ಜನನ, ಮರಣಗಳ ಲೆಕ್ಕ ಗಟ್ಟಿಯಾಗಿ ಇಟ್ಟಿದ್ದರಿಂದಲೇ ಆ ಇಳಿಕೆ ಕಂಡಿತು ಅನ್ನುವುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಆ್ಯಪ್ ಬಗ್ಗೆ ಎರಡೇ ಮಾತು. ಗೊತ್ತಾದ ಸಾವನ್ನು ಆ್ಯಪ್ ಬೇಗ ತಲುಪಿಸುತ್ತದೆ, ಹುಡುಕಿ ಕೊಡುವುದಿಲ್ಲ. ಹೆದರಿದ ಕೈ ಕಾಗದದಲ್ಲಿ ಬರೆಯದ್ದನ್ನು ಫೋನಿನಲ್ಲೂ ಒತ್ತುವುದಿಲ್ಲ. ಅದರ ಜೊತೆಗೆ ಹೆಸರು, ಮನೆ, ಗರ್ಭಪಾತದ ವಿವರ ಎಲ್ಲ ಒಂದು ಫೋನಿನೊಳಗೆ ಕೂತರೆ, ಆ ಫೋನ್ ಕಳೆದುಹೋದ ದಿನ ಏನಾಗುತ್ತದೆ ಅಂತಲೂ ಯೋಚಿಸಿ. ಅದರ ಬದಲು ಒಂದು ಸಣ್ಣ ಅಭ್ಯಾಸ ಶುರುಮಾಡಿ. ಪ್ರತಿ ವಾರ ಪ್ರತಿ ಕಾರ್ಯಕರ್ತೆಯೂ ವರದಿ ಕೊಡಬೇಕು. ಸಾವಿಲ್ಲದಿದ್ದರೆ "ಕೇಳಿದೆ, ಇಲ್ಲ" ಅಂತ ಹೇಳಬೇಕು. ಹಾಗೆ ಹೇಳಿದ ಸೊನ್ನೆಯೂ ಖಾಲಿ ಬಿಟ್ಟ ಜಾಗವೂ ಒಂದೇ ಅಲ್ಲ. ಸಾವಾದರೆ ಆಸ್ಪತ್ರೆಯಿಂದ 24 ಗಂಟೆಯಲ್ಲಿ, ಹಳ್ಳಿಯಿಂದ 48 ಗಂಟೆಯಲ್ಲಿ ಸುದ್ದಿ ಬರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಪೋಸ್ಟ್‌ಮಾರ್ಟಂ ಇಲ್ಲದೆ ಕಾರಣ ತಿಳಿಯುವುದಕ್ಕೆ ‘ವರ್ಬಲ್ ಅಟಾಪ್ಸಿ’ ಅಂತಿದೆ. ಕೊನೆಯ ದಿನಗಳಲ್ಲಿ ಜೊತೆಯಲ್ಲಿದ್ದವರನ್ನು ಕೂರಿಸಿಕೊಂಡು, ಏನೇನಾಯಿತು ಅಂತ ಕ್ರಮವಾಗಿ ಕೇಳುವುದು. ಪ್ರಶ್ನಾವಳಿ ವಿಶ್ವ ಆರೋಗ್ಯ ಸಂಸ್ಥೆಯದೇ ಇದೆ. ತೀವ್ರ ರಕ್ತಸ್ರಾವ, ಫಿಟ್ಸ್ ಇಂಥವು ಚೆನ್ನಾಗಿ ತಿಳಿಯುತ್ತವೆ. ಅವನ್ನು ನೋಡಿದವರು ಮರೆಯುವುದಿಲ್ಲ. ಹೃದಯದ ಕಾಯಿಲೆ, ರಕ್ತಹೀನತೆ, ನಂಜಿಗೂ ನ್ಯುಮೋನಿಯಾಗೂ ಇರುವ ವ್ಯತ್ಯಾಸ, ಇಂಥ ಕಡೆ ಅದು ಎಡವುತ್ತದೆ. ‘ಕಾರಣ ಖಚಿತವಿಲ್ಲ’ ಅಂತ ಬರೆಯಲು ಸಂಕೋಚ ಬೇಡ. ಊಹೆ ಬರೆದರೆ ಮುಂದಿನ ವರ್ಷ ಯಾರೋ ಅದನ್ನು ನಂಬಿ ಔಷಧಿ ತರಿಸುತ್ತಾರೆ.

ನಿಮಗೆ ವೈದ್ಯಕೀಯ ಕಾರಣಕ್ಕಿಂತ ಹೆಚ್ಚು ಉಪಯೋಗ ಆಗುವುದು ಹೊತ್ತಿನ ಲೆಕ್ಕ. 1994ರಲ್ಲಿ ಥಡ್ಡಿಯಸ್ ಮತ್ತು ಮೇನ್ ಅನ್ನುವ ಇಬ್ಬರು ಸಂಶೋಧಕಿಯರು ಮೂರು ತಡಗಳ ಬಗ್ಗೆ ಬರೆದರು. ಹೋಗೋಣ ಅಂತ ತೀರ್ಮಾನಿಸುವುದರಲ್ಲಿ ತಡ, ತಲುಪುವುದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ದಾರಿಯಲ್ಲಿ ತೀರಿಕೊಂಡ ಆ ಹೆಂಗಸಿನ ಮನೆಯವರಿಂದ ಗಂಟೆಗಂಟೆಯ ಲೆಕ್ಕ ಬರೆದುಕೊಳ್ಳಿ. ತೊಂದರೆ ಶುರುವಾದದ್ದು ಯಾವಾಗ, ಗಾಡಿಗೆ ಹೇಳಿದ್ದು ಯಾವಾಗ, ಬಂದದ್ದು ಯಾವಾಗ. ಹೆರಿಗೆಯ ನಂತರ ರಕ್ತಸ್ರಾವ ಜೋರಾದರೆ ಎರಡು ಗಂಟೆಯಲ್ಲೇ ಜೀವ ಹೋಗಬಹುದು. ನಿಮ್ಮಲ್ಲಿ ಗಾಡಿ ಬರಲಿಕ್ಕೇ ಮೂರು ಗಂಟೆ ಹಿಡಿಯುತ್ತದೆ ಅಂತ ಗೊತ್ತಾದರೆ, ಏನು ಸರಿ ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

"ನಮ್ಮ ತಲೆಗೇ ಬರುತ್ತೆ"

ಅವರು ಹೇಳುವುದು ಸರಿಯೇ. ಬಹಳ ಕಡೆ ತಲೆಗೇ ಬರುತ್ತದೆ. ಒಂದು ಕಡೆ ನನ್ನೆದುರಿಗೇ, ಸಭೆಯಲ್ಲಿ, ಒಂದು ಸಾವನ್ನು ಪ್ರಾಮಾಣಿಕವಾಗಿ ಬರೆದ ನರ್ಸನ್ನು ಎದ್ದು ನಿಲ್ಲಿಸಿ ಬೈದರು. ನಾನೂ ಆಗ ಸುಮ್ಮನೆ ಕೂತಿದ್ದೆ, ಅದು ಇವತ್ತಿಗೂ ಚುಚ್ಚುತ್ತದೆ. ಮರುವರ್ಷ ಆ ಕೇಂದ್ರದಿಂದ ಒಂದೂ ಸಾವು ವರದಿಯಾಗಲಿಲ್ಲ. ಹೆರಿಗೆಗಳೇನೂ ಕಡಿಮೆಯಾಗಿರಲಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1952ರಿಂದ ಗುಟ್ಟಿನ ವಿಚಾರಣೆ ಅನ್ನುವ ಪದ್ಧತಿ ನಡೆದು ಬಂತು. ಹೆಂಗಸಿನ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ತೆಗೆದು, ಏನಾಯಿತು ಅನ್ನುವುದನ್ನಷ್ಟೇ ನೋಡುವುದು. ಶ್ರೀಲಂಕಾ, ಮಲೇಷ್ಯಾ, ದಕ್ಷಿಣ ಆಫ್ರಿಕಾಗಳಲ್ಲೂ ತಂತಮ್ಮ ಪರಿಶೀಲನಾ ಪದ್ಧತಿಗಳಿವೆ. ಆದರೆ ನಿಮ್ಮಲ್ಲಿ ಹೆಸರು ತೆಗೆದರೆ ಸಾಲದು. ಒಂದು ಹಳ್ಳಿಗೆ ಒಬ್ಬಳೇ ಕಾರ್ಯಕರ್ತೆ. ವರ್ಷಕ್ಕೆ ಒಂದು ಸಾವು. ಯಾರು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಪಕ್ಕದ ಎರಡು ಮೂರು ವ್ಯಾಪ್ತಿಯವರ ಜೊತೆ ಸೇರಿ ಪರಿಶೀಲನೆ ಮಾಡಿ. ಊರಿನ ಹೆಸರಿಲ್ಲದೆ, ದಿನಾಂಕವಿಲ್ಲದೆ ನಾಲ್ಕೈದು ಸಾವು ಒಟ್ಟಿಗೆ ಬರಲಿ. ಅದಕ್ಕೆ ಕಾಯಬೇಕಾಗುತ್ತದೆ, ವಿಷಯ ಹಳತಾಗುತ್ತದೆ ಅನ್ನುವುದು ಅದರ ನಷ್ಟ. ಗಾಡಿ ಕೆಟ್ಟಿದೆ, ಔಷಧಿ ಮುಗಿದಿದೆ ಅನ್ನುವಂಥದನ್ನು ಕಾಯದೆ ಆ ವಾರವೇ ಸರಿ ಮಾಡಿ.

ನಿಜವಾಗಿ ನಿರ್ಲಕ್ಷ್ಯ ಮಾಡಿದವರನ್ನು ಬಿಟ್ಟುಬಿಡಬೇಕಾ? ಬೇಡ. ಅದಕ್ಕೆ ದೂರು ಕೊಡುವ ದಾರಿ ಬೇರೆ ಇರಲಿ. ಪರಿಶೀಲನೆಯ ಕಾಗದ ಶಿಸ್ತು ಕ್ರಮದ ಫೈಲಿಗೆ ಹೋಗಬಾರದು. ಶುರು ಮಾಡುವ ಮೊದಲೇ ಇದನ್ನು ಮೇಲಿನವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೋರ್ಟು ಕೇಳಿದರೆ ಆ ಕಾಗದ ಕೊಡಲೇಬೇಕಾ ಅಂತಲೂ ನಿಮ್ಮಲ್ಲಿನ ಕಾನೂನು ತಿಳಿದವರನ್ನು ಕೇಳಿ. ರಕ್ಷಣೆ ಇಲ್ಲದಿದ್ದರೆ ಹೆಸರಿರುವ ಕಾಗದ ಇಟ್ಟುಕೊಳ್ಳಲೇಬೇಡಿ. ಸಾವು ಕಡಿಮೆ ತೋರಿಸಿದವರಿಗೆ ಬಹುಮಾನ ಕೊಡುವ ಪದ್ಧತಿ ಇದ್ದರೆ ಅದನ್ನು ಮೊದಲು ನಿಲ್ಲಿಸಲು ಹೇಳಿ. ಒಂದು ಸಾವು ತಿಳಿಸಿದರೆ ಇಷ್ಟು ಹಣ ಅನ್ನುವುದರಲ್ಲೂ ಅಪಾಯವಿದೆ. ಒಂದೇ ಸಾವು ಎರಡು ಸಲ ಬರುತ್ತದೆ, ಮನೆಯವರಿಗೂ ಅಸಹ್ಯ ಅನ್ನಿಸುತ್ತದೆ. ಓಡಾಟದ ಖರ್ಚು ಕೊಡುವುದು ಸರಿ.

ಲೆಕ್ಕ ಸರಿಯಾದ ಮೊದಲ ವರ್ಷ ಸಾವಿನ ಸಂಖ್ಯೆ ಏರುತ್ತದೆ ಅನ್ನುವುದನ್ನು ಮೇಲಿನವರಿಗೆ ಈಗಲೇ ಹೇಳಿಡಿ. ಆ ವರ್ಷ ಯಾರಾದರೂ "ನಿಮ್ಮ ಕೆಲಸ ಕೆಟ್ಟಿದೆ" ಅಂದರೆ ತೋರಿಸಲು ನಿಮ್ಮ ಹತ್ತಿರ ಹಳೆಯ ಪತ್ರ ಇರಬೇಕು.

ಕೊನೆಯದಾಗಿ ಆ ಇಬ್ಬರ ಮನೆ. ಮೊದಲ ಸಲ ನೀವೇ ಹೋಗಿ, ಆ ಊರಿನ ಕಾರ್ಯಕರ್ತೆಯನ್ನು ಕಳಿಸಬೇಡಿ. ಫಾರ್ಮ್ ಚೀಲದಲ್ಲೇ ಇರಲಿ. ಹೊಸದಾಗಿ ಆದ ಸಾವಾದರೆ ನಾನು ಎರಡು ಮೂರು ವಾರ ಬಿಟ್ಟೇ ಹೋಗುತ್ತೇನೆ. ಇಲ್ಲಿ ಆ ಹೊತ್ತು ಎಂದೋ ದಾಟಿರಬಹುದು. ಆದರೂ ನೋವು ಹಾಗೇ ಇರುತ್ತದೆ. ಮಾತಾಡಲು ಇಷ್ಟವಿಲ್ಲ ಅಂದರೆ ವಾಪಸ್ ಬನ್ನಿ. ಹೆಚ್ಚಿನವರು ಮಾತಾಡುತ್ತಾರೆ, ಅಲ್ಲಿವರೆಗೆ ಯಾರೂ ಕೇಳಿರುವುದಿಲ್ಲ. ನಡುವೆ ಯಾರಾದರೂ "ನಾವು ಬೇಗ ಹೊರಟಿದ್ದರೆ ಉಳಿಯುತ್ತಿದ್ದಳಾ?" ಅಂತ ಕೇಳಿಯೇ ಕೇಳುತ್ತಾರೆ. ಆಗ ತೀರ್ಪು ಕೊಡಬೇಡಿ, ಸುಳ್ಳು ಸಮಾಧಾನವೂ ಬೇಡ. ಗಾಡಿ ಎಷ್ಟು ಹೊತ್ತಿಗೆ ಬಂತು ಅಂತ ಕೇಳಿ, ಬರೆದುಕೊಳ್ಳಿ. ಆ ಮನೆಯಲ್ಲಿ ಉಳಿದ ಮಗು ಇದ್ದರೆ, ಅದು ಹೇಗಿದೆ ಅಂತ ನೋಡದೆ ಎದ್ದು ಬರಬೇಡಿ.